ಗಾಲಿ ಅಗಲವಾಯಿತು, ಕಾನೂನು ಇಕ್ಕಟ್ಟಾಯಿತು

ಕೆರೆ, ತೋಟ ಮತ್ತು ರೈಲು ನಿಲ್ದಾಣಗಳ ಹಳ್ಳಿಯಾಗಿದ್ದ ಚಿಕ್ಕಬಾಣಾವರ ಈಗ ಉತ್ತರ ಬೆಂಗಳೂರಿನ ಭಾಗವೇ ಆಗಿಹೋಗಿದೆ. ಅತ್ತ ಪೀಣ್ಯದ ಕೈಗಾರಿಕಾ ಪ್ರದೇಶ, ಇತ್ತ ಸೋಲದೇವನಹಳ್ಳಿಯ ಕಾಲೇಜುಗಳು, ನಡುವೆ ಬಿಡುವಿಲ್ಲದ ಹೆಸರಘಟ್ಟ ರಸ್ತೆ. ಇಂಥ ಬಡಾವಣೆಗಳಲ್ಲಿ ಮನೆಗೆ ಹೊಸ ಕಾರು ಬಂದರೆ ಯುವಕರ ಕಣ್ಣು ಮೊದಲು ಬೀಳುವುದು ಗಾಲಿಯ ಮೇಲೆ. ಕಂಪನಿ ಕೊಟ್ಟ ಸಪೂರ ಗಾಲಿ ತೆಗೆದು ಅಗಲವಾದ ಅಲಾಯ್ ಹಾಕಿಸಬೇಕು, ಹಿಂಬದಿ ತುಸು ತಗ್ಗಬೇಕು ಎಂಬ ಆಸೆ. ರಿಮ್ ಬೇಕೆಂದರೆ ಜೆ.ಸಿ. ರಸ್ತೆಯ ಅಂಗಡಿಗಳಿವೆ, ಸ್ಪೇಸರ್ ಕಡೆಸಲು ಲೇತ್ ಯಂತ್ರಗಳಿವೆ, ಸ್ಪ್ರಿಂಗ್ ಕತ್ತರಿಸಲು ಪಕ್ಕದ ಗ್ಯಾರೇಜು ಇದೆ.

ಇಲ್ಲದಿರುವುದು ಒಂದೇ: ಈ ಕೆಲಸ ಸುರಕ್ಷಿತವಾಗಿ ಆಗಿದೆಯೇ ಎಂದು ಪರಿಶೀಲಿಸಿ ಹೇಳುವ ವ್ಯವಸ್ಥೆ. ಸಮಸ್ಯೆಯ ತಿರುಳು ಇರುವುದು ಇಲ್ಲಿಯೇ.

ತಾಗುವುದೇಕೆ?

ರಿಮ್ಮಿನ ನಡುಗೆರೆಗೂ ಅದು ಹಬ್ಬಿನ ಮೇಲೆ ಕೂರುವ ಮುಖಕ್ಕೂ ಇರುವ ಅಂತರಕ್ಕೆ ಆಫ್‌ಸೆಟ್ ಎನ್ನುತ್ತಾರೆ. 5.5 ಇಂಚು ಅಗಲ, 45 ಮಿ.ಮೀ. ಆಫ್‌ಸೆಟ್ಟಿನ ರಿಮ್ ತೆಗೆದು 7 ಇಂಚು ಅಗಲ, 35 ಮಿ.ಮೀ. ಆಫ್‌ಸೆಟ್ಟಿನದನ್ನು ಹಾಕಿದರೆ ಗಾಲಿಯ ಹೊರ ಅಂಚು ಸುಮಾರು 29 ಮಿ.ಮೀ. ಹೊರಕ್ಕೂ, ಒಳ ಅಂಚು 9 ಮಿ.ಮೀ. ಒಳಕ್ಕೂ ಸರಿಯುತ್ತದೆ. ನಿಂತ ಕಾರಿನಲ್ಲಿ ಇದರಿಂದ ಬಾಧಕವೇನೂ ಕಾಣದು. ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಕಾರು ಗುಂಡಿಗೆ ಇಳಿದಾಗ ಟೈರು ಮಡ್‌ಗಾರ್ಡಿನ ಒಳಮಡಿಕೆಗೆ ಉಜ್ಜತೊಡಗುತ್ತದೆ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಹಿಂಬದಿಗೆ ಲೀಫ್ ಸ್ಪ್ರಿಂಗ್ ಪಟ್ಟಿಗಳಿದ್ದವು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಟಾರ್ಷನ್ ಬೀಮ್. ಎರಡೂ ಗಾಲಿಗಳನ್ನು ಒಂದೇ ಅಡ್ಡ ತೊಲೆ ಜೋಡಿಸುವ ಈ ರಚನೆಯಲ್ಲಿ ಗಾಲಿಯ ಓರೆಯನ್ನಾಗಲಿ ದಿಕ್ಕನ್ನಾಗಲಿ ತಿದ್ದಲು ಸಾಮಾನ್ಯವಾಗಿ ತಿರುಪುಗಳೇ ಇರುವುದಿಲ್ಲ. ಹಬ್ಬಿಗೂ ತೊಲೆಗೂ ನಡುವೆ ತೆಳುವಾದ ಓರೆ ಬಿಲ್ಲೆ ಕೂರಿಸಿ ಅಲ್ಪಸ್ವಲ್ಪ ತಿದ್ದಬಹುದು, ಅಷ್ಟೆ. ಆದ್ದರಿಂದ ಸರಿಯಾದ ಆಫ್‌ಸೆಟ್ಟಿನ ರಿಮ್ ಆಯ್ದುಕೊಳ್ಳುವುದೇ ಮೊದಲ ಹೆಜ್ಜೆ. ಎತ್ತರ ಇಳಿಸಲೇಬೇಕೆಂದರೆ ಪರಸ್ಪರ ಹೊಂದುವ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಒಟ್ಟಿಗೇ ಬದಲಾಯಿಸಬೇಕು.

ಅಗ್ಗದ ದಾರಿ ಬೇರೆ. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಅದು ಗಿಡ್ಡವಾಗುವುದರ ಜೊತೆಗೆ ಇನ್ನಷ್ಟು ಗಡುಸೂ ಆಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್ ಆ ಗಡುಸುತನವನ್ನು ಹಿಡಿದಿಡಲಾರದು. ಗಾಲಿ ನೆಲಬಿಟ್ಟು ಪೂರ್ತಿ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ತನ್ನ ಪೀಠದಿಂದ ಜಾರಲೂಬಹುದು. ಹಿಂಬದಿಯ ಎತ್ತರ ನೋಡಿ ಬ್ರೇಕಿನ ಒತ್ತಡ ನಿರ್ಧರಿಸುವ ಕವಾಟವುಳ್ಳ ವಾಹನಗಳಲ್ಲಿ ಅಪಾಯ ಇನ್ನೂ ಸೂಕ್ಷ್ಮ. ತಗ್ಗಿದ ಹಿಂಬದಿಯನ್ನು ಕವಾಟ ‘ಭಾರ ತುಂಬಿದೆ’ ಎಂದು ಭಾವಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕಳಿಸುತ್ತದೆ. ಮಳೆಯಲ್ಲಿ ಹಿಂದಿನ ಗಾಲಿ ಮೊದಲೇ ಬಿಗಿದುಕೊಂಡರೆ ಕಾರು ಗಿರಕಿ ಹೊಡೆಯುತ್ತದೆ.

ರಸ್ತೆ ಕೇಳುವ ಲೆಕ್ಕ

165/80 ಆರ್14 ಟೈರಿನ ಬದಲು 195/55 ಆರ್16 ಹಾಕಿದರೆ ಗಾಲಿಯ ಒಟ್ಟು ಎತ್ತರ ಹೆಚ್ಚುಕಡಿಮೆ 620 ಮಿ.ಮೀ. ಆಗಿಯೇ ಉಳಿಯುತ್ತದೆ. ಸ್ಪೀಡೋಮೀಟರ್ ತಪ್ಪುವುದಿಲ್ಲ. ಆದರೆ ಟೈರಿನ ಪಕ್ಕೆಯ ಎತ್ತರ 132 ಮಿ.ಮೀ.ನಿಂದ 107ಕ್ಕೆ ಇಳಿಯುತ್ತದೆ. ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ರಬ್ಬರಿನಲ್ಲಿ ಒಂದು ಇಂಚು ಹೋಯಿತು ಎಂದೇ ಅರ್ಥ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ತಲೆಯೆತ್ತುವ ಉಬ್ಬುಗಳು ಈ ಅಳತೆಯನ್ನು ಪಾಲಿಸುತ್ತವೆ ಎಂದು ಯಾರೂ ವಾದಿಸಲಾರರು.

ಕಾನೂನಿನ ಎರಡು ಮುಖ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಿತು.

ಆದರೆ ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಸ್ಸು. ಅಷ್ಟು ಕಾಲ ಹೊಗೆ ತಪಾಸಣೆ ಬಿಟ್ಟರೆ ಕಾರಿನ ಅಡಿಭಾಗವನ್ನು ಕಡ್ಡಾಯವಾಗಿ ನೋಡುವ ಏರ್ಪಾಡಿಲ್ಲ. ರಸ್ತೆಯಲ್ಲಿ ತಡೆಯುವ ಪೊಲೀಸರ ಕಣ್ಣಿಗೆ ಬೀಳುವುದು ಕಪ್ಪು ಗಾಜು, ಗದ್ದಲದ ಸೈಲೆನ್ಸರ್. ಕತ್ತರಿಸಿದ ಸ್ಪ್ರಿಂಗ್ ಬೆಳಕಿಗೆ ಬರುವುದು ಅಪಘಾತವಾದ ಮೇಲೆ. ಆಗ ವಿಮಾ ಕಂಪನಿ, ತಿಳಿಸದೆ ಮಾಡಿದ ಮಾರ್ಪಾಡಿನ ಕಾರಣ ಮುಂದಿಟ್ಟು ಕಾರಿನ ಹಾನಿಯ ಪರಿಹಾರವನ್ನೇ ಪ್ರಶ್ನಿಸಬಹುದು. ಒಟ್ಟಿನಲ್ಲಿ, ನಾಜೂಕಾಗಿ ಕೆಲಸ ಮಾಡಿಸಿದವನೂ ಬೇಕಾಬಿಟ್ಟಿ ಕತ್ತರಿಸಿದವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ. ಹಾಗಿರುವಾಗ ಹೆಚ್ಚು ಹಣ ಕೊಟ್ಟು ನಾಜೂಕಿನ ಕೆಲಸ ಮಾಡಿಸುವವರು ಎಷ್ಟು ಮಂದಿ?

ಜರ್ಮನಿಯಲ್ಲಿ ಅಗಲ ಗಾಲಿ, ತಗ್ಗು ಸ್ಪ್ರಿಂಗ್ ಎರಡೂ ಸಾಧ್ಯ. ತಾಂತ್ರಿಕ ಪರೀಕ್ಷಕರು ನೋಡಿ ಒಪ್ಪಬೇಕು, ಅಗತ್ಯವಿದ್ದಲ್ಲಿ ಅದು ವಾಹನದ ದಾಖಲೆಯಲ್ಲಿ ನಮೂದಾಗಬೇಕು. ನಮ್ಮಲ್ಲಿಯೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಾರ್ಪಾಡಿಗೆ ಮಾನದಂಡ ಹಾಗೂ ಅನುಮೋದನೆಯ ಷರತ್ತು ರೂಪಿಸುವ ಅಧಿಕಾರವನ್ನು 2019ರ ತಿದ್ದುಪಡಿಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಮಾನದಂಡಕ್ಕೆ ಒಳಪಟ್ಟ ಬದಲಾವಣೆಯಿಂದ ತಯಾರಕರ ವಾರಂಟಿ ರದ್ದಾಗದು ಎಂದೂ ಹೇಳಿದೆ. ಈ ಅಧಿಕಾರವನ್ನು ಗಾಲಿ, ಸ್ಪ್ರಿಂಗ್‌ಗಳ ವಿಷಯದಲ್ಲಿಯೂ ಬಳಸಿ, ಎಷ್ಟು ಅಗಲ, ಎಷ್ಟು ತಗ್ಗು ಎಂಬ ಮಿತಿ ಹಾಕಿ, ಆರ್‌ಟಿಒ ಮಟ್ಟದಲ್ಲಿ ಪರೀಕ್ಷೆಗೆ ಶುಲ್ಕ ಗೊತ್ತುಪಡಿಸಬೇಕು. ಗ್ಯಾರೇಜಿನವರಿಗೆ ಹೊಣೆಯೂ ಬರುತ್ತದೆ, ಮರ್ಯಾದೆಯೂ ಸಿಗುತ್ತದೆ.

ಅಲ್ಲಿಯವರೆಗೆ ಕಾರಿನ ಮಾಲೀಕರಿಗೆ ಹಿರಿಯರ ಮಾತೇ ದಾರಿ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮಡ್‌ಗಾರ್ಡ್ ಇದ್ದಷ್ಟೇ ಗಾಲಿ ಹಾಕಬೇಕು. ಚಾಚಿದ ಮೇಲೆ ಹಾಸಿಗೆ ಕತ್ತರಿಸುವುದು ಜಾಣತನವಲ್ಲ.