ಒಂದೇ ಧಾಟಿ, ಹತ್ತು ಬಾಯಿ

ಶಾನ್ ಪಾಲ್‌ನ 'ಗೆಟ್ ಬಿಜಿ' ಕೇಳಿರ್ತೀರಿ. 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಗಿದ್ದ ಹಾಡು. ಅದರಲ್ಲಿರೋ ಚಪ್ಪಾಳೆಯ ತಾಳವೇ ವೇಯ್ನ್ ವಂಡರ್‌ನ 'ನೋ ಲೆಟಿಂಗ್ ಗೋ'ದಲ್ಲೂ ಇದೆ. ಕದ್ದದ್ದಲ್ಲ! ಜಮೈಕಾದ ಸ್ಟೀವನ್ 'ಲೆಂಕಿ' ಮಾರ್ಸ್‌ಡನ್ ಕಟ್ಟಿದ ಈ ತಾಳದ ಹೆಸರು 'ದಿವಾಲಿ' (ಹೌದು, ನಮ್ಮ ಹಬ್ಬದ ಹೆಸರೇ). ಅದರ ಮೇಲೆ ಬೇರೆ ಬೇರೆಯವರು ಹಾಡಿದ್ದನ್ನೆಲ್ಲ ಸೇರಿಸಿ 2002ರಲ್ಲಿ ಗ್ರೀನ್‌ಸ್ಲೀವ್ಸ್ ಕಂಪನಿ ಇಡೀ ಆಲ್ಬಮ್ಮನ್ನೇ ತಂದಿತು. ಆಲ್ಬಮ್ಮಿಗೆ ಗಾಯಕರ ಹೆಸರಿಲ್ಲ, ತಾಳದ ಹೆಸರು. ಅವರು ಇದಕ್ಕೆ 'ರಿದಿಮ್' ಅಂತಾರೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಇದನ್ನ ಕೇಳ್ತಿದ್ದೆ. ನಿಜ ಹೇಳಬೇಕಂದ್ರೆ ರಾಯಾಪುರ ಬರೋ ಹೊತ್ತಿಗೆ ಬೇಜಾರಾಗಿತ್ತು :) ಅಲ್ಲಿನ ಇಸ್ಕಾನ್ ಗುಡಿಯದು ಇದಕ್ಕೆ ಪೂರ್ತಿ ಉಲ್ಟಾ ಲೆಕ್ಕ, ಮಂತ್ರ ಒಂದೇ, ಧಾಟಿ ಎಷ್ಟು ಬೇಕಾದರೂ.

ಬೇಜಾರು ತಾಳದ ತಪ್ಪಲ್ಲ. ಅದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಕೂತು ಕೇಳೋದಕ್ಕೆ ಹುಟ್ಟಿದ್ದೇ ಅಲ್ಲ. ಕುಣಿಯೋ ಜನರ ಮುಂದೆ ಒಬ್ಬ ಹಾಡಿದ ಮೇಲೆ ಇನ್ನೊಬ್ಬ ಅದೇ ತಾಳ ಹಿಡಿದು 'ಈಗ ನನ್ನದು ಕೇಳ್ರಿ' ಅನ್ನಬೇಕು, ಮಜಾ ಇರೋದು ಅಲ್ಲಿ.

ಇದನ್ನ ನಾವು ಜಮೈಕಾದಿಂದ ಕಲಿಯಬೇಕಾ? ನಮ್ಮ ಕಡೆ ಗೀಗೀ ಮೇಳದಲ್ಲಿ ಇರೋದು ದಪ್ಪು, ತುಂತುಣಿ, ತಾಳ, ಅಷ್ಟೇ. ಹರದೇಶಿಯವರು ಗಂಡು ಹೆಚ್ಚು ಅಂತ ಒಂದು ಪದ ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಇನ್ನೊಂದು ಒಗೀತಾರೆ. ಧಾಟಿ ಹಳೇದೇ ಇರಬಹುದು, ಮಾತು ಹೊಸದಿರಬೇಕು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಗೀಗೀ ಪದದೊಳಗೆ ಬ್ರಿಟಿಷರ ವಿರುದ್ಧದ ಮಾತು ತುಂಬಿ ಹಾಡಿದರು. ಮೊಹರಂನ ರಿವಾಯತ್ ಪದದಲ್ಲೂ ಹೀಗೇ ಸವಾಲು-ಜವಾಬು ನಡೆಯುತ್ತೆ.

ಆದರೆ ಓದಿದವರು ನಾವಿದ್ದೀವಲ್ಲ, ಇದಕ್ಕೆ 'ಸ್ವಂತ ಟ್ಯೂನಿಲ್ಲ' ಅಂತ ಮೂಗು ಮುರೀತೀವಿ. ಅದೇ ಕೆಲಸವನ್ನ ಕಿಂಗ್‌ಸ್ಟನ್ನಿನಲ್ಲಿ ಮಾಡಿದರೆ ಸೀಡಿ ಕೊಳ್ತೀವಿ.

ನನ್ನ ತಕರಾರು ರೆಕಾರ್ಡಿಂಗ್ ಮಾಡೋರ ಮೇಲೂ ಇದೆ. ಕ್ಯಾಸೆಟ್ ಕಾಲದಿಂದ ಇವತ್ತಿನ ಯೂಟ್ಯೂಬ್ ತನಕ, ಒಂದು ಮೇಳದ ಒಳ್ಳೇ ಪದವನ್ನ ಕತ್ತರಿಸಿ ತೆಗೆದು ಹಾಕೋದು ಎಷ್ಟು ನೋಡಿದ್ದೀನಿ. ಎದುರು ಮೇಳದ ಜವಾಬು ಮಾಯ. ಸವಾಲಷ್ಟೇ ಕೇಳಿದವನಿಗೆ ಅದು ಬರೀ ಉಪದೇಶ ಅನ್ನಿಸುತ್ತೆ, 'ಹಳೇ ಕಾಲದ್ದು' ಅಂತ ಮುಂದೆ ಹೋಗ್ತಾನೆ. ಗಂಡು ಹೆಚ್ಚು ಅನ್ನೋ ಪದವೊಂದೇ ಉಳಿದು, ಅದಕ್ಕೆ ಬಿದ್ದ ಏಟು ಕಳೆದುಹೋದರೆ ಹೇಗ್ರೀ?

ಎರಡೂ ಮೇಳ, ಒಂದೇ ಧಾಟಿ, ಹಾಡಿದ ಕ್ರಮದಲ್ಲೇ ಒಂದು ಆಲ್ಬಮ್ ಬರಲಿ. ಪ್ರತಿ ಪದಕ್ಕೂ ಕಟ್ಟಿದವರ ಹೆಸರು, ದಪ್ಪು ಬಾರಿಸಿದವರ ಹೆಸರು ಇರಲಿ. ಬಂದ ದುಡ್ಡಲ್ಲಿ ಅವರಿಗೂ ಪಾಲಿರಲಿ. ಹಳೇ ರಿದಿಮ್ ನುಡಿಸಿದವರಿಗೆ ಕಾಸು ಸರಿಯಾಗಿ ಸಿಗಲಿಲ್ಲ ಅನ್ನೋ ದೂರು ಜಮೈಕಾದಲ್ಲೂ ಇದೆ, ಅದನ್ನೂ ಅನುಕರಿಸೋದು ಬೇಡ. ಒಂದು ಜಾತ್ರೆ, ನಾಲ್ಕು ಮೈಕು, ಒಂದು ಲ್ಯಾಪ್‌ಟಾಪ್ ಸಾಕು. ಯಾರಾದರೂ ಹೊರಡ್ತೀರಾದರೆ ಹೇಳಿ, ಎಡಿಟಿಂಗ್ ನನಗಿರಲಿ.