ಬೆನ್ನುಹುರಿಯ ಪೆಟ್ಟು: ಪ್ರಯೋಗಾಲಯದ ಪಾಠ ಘೋಣಸಗಿಗೂ ತಲುಪಲಿ

ಟಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಊರಿನಲ್ಲಿ ಮರದಿಂದಲೋ ಬೈಕಿನಿಂದಲೋ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಕಾಲಿಗೆ ಮತ್ತೆ ಬಲ ಬರುವುದೇ ಎಂಬುದು ಶಸ್ತ್ರವೈದ್ಯರ ಕೌಶಲದಷ್ಟೇ ಮೊದಲ ಕೆಲವು ಗಂಟೆಗಳ ಮೇಲೂ ನಿಂತಿದೆ. ಇದನ್ನು ವೈದ್ಯಲೋಕ ಕಲಿತದ್ದು ಪ್ರಾಣಿಗಳಿಂದ. 1911ರಲ್ಲಿ ಅಮೆರಿಕದ ಆಲ್ಫ್ರೆಡ್ ಅಲೆನ್ ನಾಯಿಗಳ ಬೆನ್ನುಹುರಿಯ ಮೇಲೆ ಗೊತ್ತಾದ ಎತ್ತರದಿಂದ ಗೊತ್ತಾದ ತೂಕ ಬೀಳಿಸಿ, ಪೆಟ್ಟಿನ ಪರಿಣಾಮವನ್ನು ಅಳೆಯುವ ದಾರಿ ತೆರೆದರು. ಪೆಟ್ಟು ಬಿದ್ದ ಕ್ಷಣಕ್ಕೇ ಹಾನಿ ಮುಗಿಯುವುದಿಲ್ಲ. ಬಾವು, ರಕ್ತಸ್ರಾವ, ಮುರಿದ ಮೂಳೆಯ ಒತ್ತಡದಿಂದ ಅದು ಬೆಳೆಯುತ್ತಲೇ ಹೋಗುತ್ತದೆ. 1995ರಲ್ಲಿ ಸಂಶೋಧಕ ಡೆಲಾಮಾರ್ಟರ್ ಅವರ ತಂಡ 30 ಬೀಗಲ್ ನಾಯಿಗಳ ಬೆನ್ನುಹುರಿಯನ್ನು ಅದುಮಿ, ಬೇರೆ ಬೇರೆ ಅವಧಿಯ ಬಳಿಕ ಆ ಒತ್ತಡ ತೆಗೆಯಿತು. ತಕ್ಷಣ ಅಥವಾ ಒಂದು ಗಂಟೆಗೆ ಬಿಡುಗಡೆಯಾದ ನಾಯಿಗಳು ಮತ್ತೆ ನಡೆದವು. ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ತಡವಾದವು ನಡೆಯಲಿಲ್ಲ.

ನಾಯಿಯ ಲೆಕ್ಕ ಮನುಷ್ಯನಿಗೆ ಹೇಗೆ ಸಲ್ಲುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಔಷಧ ಮನುಷ್ಯರಲ್ಲಿ ಆ ಮಟ್ಟದ ಫಲ ಕೊಡಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ವಿಷಯ ಬೇರೆ. ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದ 313 ಮಂದಿಯ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 19.8ರಷ್ಟು, ತಡವಾದವರಲ್ಲಿ ಶೇ 8.8ರಷ್ಟು ಜನ ಆರು ತಿಂಗಳಲ್ಲಿ ನರಶಕ್ತಿಯ ಅಳತೆಯಲ್ಲಿ ಎರಡು ಹಂತ ಇಲ್ಲವೇ ಹೆಚ್ಚು ಚೇತರಿಸಿಕೊಂಡಿದ್ದರು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅದಲ್ಲ, ನಿಜ. ಆದರೂ 1,548 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2021ರ ವಿಶ್ಲೇಷಣೆ ಅದೇ ಕಡೆ ಬೆರಳು ತೋರಿತು. ಗಂಟೆಯ ಲೆಕ್ಕ ಪ್ರಾಣಿಯಿಂದ ಪ್ರಾಣಿಗೆ ಬದಲಾದೀತು, ತಡವಾದಷ್ಟೂ ನಷ್ಟ ಎಂಬ ಮಾತು ಬದಲಾಗಿಲ್ಲ. ಇಂಥ ಪ್ರಯೋಗ ಕ್ರೌರ್ಯವಲ್ಲವೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದಕ್ಕೆ ಕಡಿವಾಣ ಹಾಕಿದೆ. ಗೊತ್ತಿರುವುದನ್ನೇ ಮತ್ತೆ ಸಾಬೀತು ಮಾಡಲು ಜೀವ ತೆಗೆಯುವುದು ತಪ್ಪು. ಜೀವ ತೆತ್ತು ಕಲಿತದ್ದನ್ನು ಬಳಸದಿರುವುದು ಇನ್ನೂ ದೊಡ್ಡ ತಪ್ಪು.

ಟಿಕೋಟಾ ತಾಲ್ಲೂಕಿಗೆ ವಿಜಯಪುರ ದೂರವಲ್ಲ, ಅಲ್ಲಿ ವೈದ್ಯಕೀಯ ಕಾಲೇಜುಗಳೂ ಇವೆ. ಹಾಗಾಗಿ 24 ಗಂಟೆಯ ಗಡುವು ಕೈಗೆಟುಕದ್ದಲ್ಲ. ಹೊತ್ತು ಪೋಲಾಗುವುದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಅಲೆಯಬೇಕಾದಾಗ. ಅವಸರದಿಂದ ಅಪಾಯವಿದೆ ಎನ್ನುವವರ ಮಾತೂ ಸರಿ: ಕೈಕಾಲು ಹಿಡಿದೆತ್ತಿ ಟಂಟಂನಲ್ಲಿ ಹಾಕಿದರೆ ಉಳಿದ ನರವೂ ಹೋದೀತು. ಎಲ್ಲ ರೋಗಿಗೂ ತುರ್ತು ಶಸ್ತ್ರಚಿಕಿತ್ಸೆ ಹೊಂದುವುದೂ ಇಲ್ಲ. ಅದನ್ನು ತೀರ್ಮಾನಿಸಬೇಕಾದವರು ತಜ್ಞರು. ಆದರೆ ರೋಗಿ ಅವರ ಮುಂದೆ ಬೇಗ ಬರಬೇಕಲ್ಲ! ರಾತ್ರಿಯೂ ಬೆನ್ನುಮೂಳೆ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆ ಯಾವುದೆಂದು ಜಿಲ್ಲಾಡಳಿತ ಮೊದಲೇ ಗೊತ್ತುಮಾಡಲಿ, 108 ಆಂಬುಲೆನ್ಸ್ ನೇರ ಅಲ್ಲಿಗೇ ಹೋಗಲಿ, ಬಿದ್ದವರನ್ನು ಅಲುಗಿಸದೆ ಹಲಗೆಯ ಮೇಲೆ ಸಾಗಿಸುವುದನ್ನು ಪ್ರತಿ ಪಂಚಾಯಿತಿಯೂ ಕಲಿಸಲಿ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ.