ಹಣ ಒಬ್ಬರದು, ನಕ್ಷೆ ಇನ್ನೊಬ್ಬರದು, ಕಡಲು ಯಾರದು?

ಪರದೇಶದ ಸೈನ್ಯವನ್ನು ತನ್ನ ನೆಲದಲ್ಲಿ ಇರಿಸಿಕೊಂಡ ರಾಷ್ಟ್ರವೇ ಆ ಸೈನ್ಯಕ್ಕೆ ಬೇಕಾದ ವಸತಿಗೃಹ, ಗೋದಾಮು, ರನ್‌ವೇಗಳನ್ನೂ ಸ್ವಂತ ಖರ್ಚಿನಿಂದ ಕಟ್ಟಿಸಿಕೊಡುವುದುಂಟೆಂದರೆ ವಾಚಕರಲ್ಲಿ ಕೆಲವರಿಗಾದರೂ ಸೋಜಿಗವೆನಿಸೀತು. ಜಪಾನಿನಲ್ಲಿ ಇದು 1979ರಿಂದ ನಡೆದು ಬಂದಿದೆ. 1960ರ ಒಪ್ಪಂದದ ಪ್ರಕಾರ ಜಾಗ ಒದಗಿಸುವುದು ಜಪಾನಿನ ಹೊಣೆ, ಸೈನ್ಯವನ್ನು ಸಾಕುವ ವೆಚ್ಚ ಅಮೆರಿಕದ್ದು. ಡಾಲರು ಇಳಿದು ಯೆನ್ ಏರಿದ ಕಾಲದಲ್ಲಿ, 1978ರಲ್ಲಿ, ಅಲ್ಲಿಯ ರಕ್ಷಣಾ ಇಲಾಖೆಯ ಮುಖ್ಯಸ್ಥ ಶಿನ್ ಕಾನೆಮಾರು ಅವರು ಅತಿಥಿಗಳ ಬಗ್ಗೆ ಅನುಕಂಪ ತೋರಬೇಕೆಂಬ ಧಾಟಿಯಲ್ಲಿ ಮಾತನಾಡಿದ್ದರಿಂದ ಆ ಬಾಬತ್ತಿಗೆ 'ಅನುಕಂಪದ ಬಜೆಟ್' ಎಂಬ ಹೆಸರೇ ಅಂಟಿಕೊಂಡಿತು. 2021ರಲ್ಲಿ ಸರಕಾರ ಬೇರೆ ಗಂಭೀರ ಹೆಸರಿಟ್ಟಿತು. ಜನರ ಬಾಯಿಯಲ್ಲಿ ಹಳೆಯದೇ ಉಳಿದಿದೆ.

ಇಂಥ ಕಾಮಗಾರಿಗಳ ನಕ್ಷೆ ತಯಾರಾಗುವ ಕ್ರಮ ಕುತೂಹಲಕರವಾದುದು. ತಮಗೆ ಏನು ಬೇಕು, ಎಷ್ಟು ದೊಡ್ಡದು, ಯಾವ ಗುಣಮಟ್ಟದ್ದು ಎಂಬುದನ್ನು ಅಮೆರಿಕದವರು ಬರೆದು ಕೊಡುತ್ತಾರೆ. ಅದರ ಮೇಲೆ ನಕ್ಷೆ ಎಳೆಸುವುದು, ಗುತ್ತಿಗೆ ಕೊಡುವುದು, ಹಣ ಪಾವತಿಸುವುದು ಜಪಾನಿನ ರಕ್ಷಣಾ ಇಲಾಖೆ. ಜಾಮಾ ಶಿಬಿರದಲ್ಲಿರುವ ಅಮೆರಿಕದ ಸೇನಾ ಇಂಜಿನಿಯರುಗಳ ಕಚೇರಿ ಆ ನಕ್ಷೆಯನ್ನು ಪರಿಶೀಲಿಸುತ್ತದೆ, ಕಟ್ಟುವಾಗ ಕಣ್ಣಿಡುತ್ತದೆ. ಆದರೆ ಗುತ್ತಿಗೆ ತನ್ನದಲ್ಲವಾದ್ದರಿಂದ ಮೇಸ್ತ್ರಿಗೆ ನೇರವಾಗಿ ಅಪ್ಪಣೆ ಕೊಡುವಂತಿಲ್ಲ. ಹೇಳುವುದಿದ್ದರೆ ಜಪಾನೀ ಅಧಿಕಾರಿಯ ಮೂಲಕವೇ ಹೇಳಬೇಕು. ಒಬ್ಬರ ಅಳತೆ ಅಡಿ-ಅಂಗುಲಗಳಲ್ಲಿ, ಇನ್ನೊಬ್ಬರದು ಮೀಟರಿನಲ್ಲಿ. ಒಬ್ಬರ ಆರ್ಥಿಕ ವರ್ಷ ಅಕ್ಟೋಬರಿನಲ್ಲಿ ತೊಡಗಿದರೆ ಇನ್ನೊಬ್ಬರದು ಎಪ್ರಿಲಿನಲ್ಲಿ. ಭೂಕಂಪಕ್ಕೆ ಜಪಾನಿನ ನಿಯಮ, ಭದ್ರತೆಗೆ ಅಮೆರಿಕದ ನಿಯಮ. ಎಲ್ಲವೂ ಎರಡು ಭಾಷೆಗಳಲ್ಲಿ. ಮಾವ ಹಣ ಹಾಕಿ ಅಳಿಯನಿಗೆ ಮನೆ ಕಟ್ಟಿಸುವಾಗ ಅಡುಗೆಮನೆ ಯಾವ ದಿಕ್ಕಿಗೆಂಬ ಚರ್ಚೆ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈ ಇಬ್ಬರ ಹೊಂದಾಣಿಕೆ ಬಹುಮಟ್ಟಿಗೆ ಸುಸೂತ್ರವಾಗಿಯೇ ಸಾಗಿದೆಯೆಂದು ಒಪ್ಪೋಣ. ನಮ್ಮ ತಕರಾರು ಮೂರನೆಯವನ ವಿಷಯದಲ್ಲಿ. ಮನೆ ಏಳುವುದು ಯಾರ ಹಿತ್ತಿಲಲ್ಲಿಯೋ ಅವನಿಗೆ ನಕ್ಷೆ ತೋರಿಸುವುದು ಯಾವಾಗ?

ಓಕಿನಾವಾವನ್ನು ನೋಡಿರಿ. 1972ರ ತನಕ ಅಮೆರಿಕದ ಆಡಳಿತದಲ್ಲಿದ್ದ ಈ ದ್ವೀಪಸ್ತೋಮ ಜಪಾನಿನ ಭೂಭಾಗದಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ, ಕೇವಲ 0.6. ಆದರೆ ಅಮೆರಿಕದ ಸೈನ್ಯವೊಂದೇ ಬಳಸುವ ನೆಲೆಗಳ ವಿಸ್ತೀರ್ಣದಲ್ಲಿ ಸುಮಾರು ಶೇಕಡಾ 70 ಅಲ್ಲಿಯೇ ಇದೆ. ಅಲ್ಲಿಯವರ ನುಡಿಯೂ ಬೇರೆ. ಶಾಲೆಯಲ್ಲಿ ಮನೆಮಾತನ್ನಾಡಿದ ಮಗುವಿನ ಕೊರಳಿಗೆ ಹಲಗೆ ಕಟ್ಟುತ್ತಿದ್ದ ಕಾಲವೊಂದಿತ್ತು. (ಅಧ್ಯಾಪಕರಾದ ನಮಗೆ ಇದನ್ನು ಓದಿ ಮುಂದೆ ಹೋಗುವುದು ಕಷ್ಟವಾಯಿತು.)

ಗಿನೋವಾನ್ ಪಟ್ಟಣದ ನಡುವೆ ಸಿಕ್ಕಿಕೊಂಡಿರುವ ಫುಟೆನ್ಮಾ ವಿಮಾನನೆಲೆಯನ್ನು ತೆರವು ಮಾಡುವುದೆಂದು 1996ರಲ್ಲಿ ಎರಡು ಸರಕಾರಗಳು ಒಪ್ಪಿದವು. ಬದಲಿ ನೆಲೆಗೆ ನಾಗೊ ಪಟ್ಟಣದ ಹೆನೊಕೊ ಕಡಲತೀರವನ್ನು ಆರಿಸಿದರು. ಹಣ ಪೂರ್ತಿ ಜಪಾನಿನದು. ಇಲ್ಲಿ ಒಂದು ಮಾತನ್ನು ಎತ್ತಿ ಹೇಳಬೇಕು. 2006ರಲ್ಲಿ ವಿಮಾನಗಳು ಮನೆಗಳ ಮೇಲೆ ಹಾರಬಾರದೆಂದು ನಾಗೊದ ಮೇಯರು ಪಟ್ಟು ಹಿಡಿದಾಗ, ಒಂದು ರನ್‌ವೇಯ ಬದಲು ಇಕ್ಕಳದಂತೆ ತೆರೆದುಕೊಳ್ಳುವ ಎರಡು ರನ್‌ವೇಗಳ ನಕ್ಷೆ ಹುಟ್ಟಿತು. ಊರವನ ಮಾತಿಗೆ ಕಿವಿಗೊಟ್ಟರೆ ಮಹಾಶಕ್ತಿಗಳ ನಕ್ಷೆಯೂ ಬದಲಾಗುತ್ತದೆಂಬುದಕ್ಕೆ ಇದೇ ಸಾಕ್ಷಿ.

ಆಮೇಲೆ ಆ ಕಿವಿ ಮುಚ್ಚಿತು. 2013ರ ಕೊನೆಯಲ್ಲಿ ಆಗಿನ ಗವರ್ನರು ಕಡಲು ತುಂಬಿಸಲು ಅನುಮತಿ ಕೊಟ್ಟರು. 2014ರಿಂದ 2016ರ ತನಕ ಔರಾ ಕೊಲ್ಲಿಯ ತಳವನ್ನು ಕೊರೆದು ನೋಡಿದಾಗ ಅಲ್ಲಿ ಬೆಣ್ಣೆಯಂತಹ ಮೆದು ಕೆಸರು ಕಂಡಿತು. ಕೆಲವೆಡೆ ಅದು ಸಮುದ್ರಮಟ್ಟದಿಂದ 90 ಮೀಟರು ಆಳಕ್ಕಿಳಿದಿದೆ. ಈ ಸಂಗತಿ ಊರವರಿಗೆ ತಿಳಿದದ್ದು 2018ರಲ್ಲಿ, ಅದೂ ಒಬ್ಬ ನಾಗರಿಕ ಅರ್ಜಿ ಹಾಕಿ ವರದಿಯನ್ನು ಹೊರಗೆಳೆದ ಮೇಲೆ. ಅದೇ ವರ್ಷ ಡಿಸೆಂಬರಿನಲ್ಲಿ ಮಣ್ಣು ತುಂಬುವ ಕೆಲಸವೂ ಸುರುವಾಯಿತು! 2019ರ ಫೆಬ್ರವರಿಯ ಜನಮತದಲ್ಲಿ ಮತ ಹಾಕಿದವರ ಪೈಕಿ ಶೇಕಡಾ 70ಕ್ಕೂ ಹೆಚ್ಚು ಮಂದಿ ಬೇಡವೆಂದರು. ಕೆಸರನ್ನು ಗಟ್ಟಿಗೊಳಿಸಲು ಸುಮಾರು 71,000 ಕಂಬಗಳನ್ನು ಇಳಿಸುವ ಹೊಸ ನಕ್ಷೆ ಬಂತು, ಅಂದಾಜು ವೆಚ್ಚ 93,000 ಕೋಟಿ ಯೆನ್‌ಗೆ ಏರಿತು. ಕಾನೂನಿನ ಪ್ರಕಾರ ಈ ಬದಲಾವಣೆಗೆ ಗವರ್ನರ ಒಪ್ಪಿಗೆ ಬೇಕು. ಡೆನ್ನಿ ತಮಾಕಿ 2021ರ ನವೆಂಬರಿನಲ್ಲಿ ಒಪ್ಪಲಿಲ್ಲ. ಪ್ರಕರಣ ಕೋರ್ಟಿಗೆ ಹೋಗಿ, 2023ರ ಡಿಸೆಂಬರ್ 28ರಂದು ಕೇಂದ್ರದ ಮಂತ್ರಿ ಗವರ್ನರ ಬದಲಿಗೆ ತಾವೇ ಮಂಜೂರು ಮಾಡಿದರು. ಜಪಾನಿನಲ್ಲಿ ಹೀಗೆ ಆದದ್ದು ಅದೇ ಮೊದಲು.

ಚೀನಾ, ಉತ್ತರ ಕೊರಿಯಾಗಳ ಭಯ ಜಪಾನಿಗೆ ಇರುವುದು ಸುಳ್ಳಲ್ಲ. ದೇಶದ ರಕ್ಷಣೆಗೆ ಎಲ್ಲಿಯಾದರೂ ಒಂದು ರನ್‌ವೇ ಬೇಕೇ ಬೇಕು ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ತಳದ ಕೆಸರಿನ ವರದಿ ಅನುಮತಿಯ ಮೊದಲೇ ಊರವರ ಮುಂದೆ, ಅವರು ಓದಬಲ್ಲ ಮಾತಿನಲ್ಲಿ, ಬಂದಿದ್ದರೆ ಇಷ್ಟು ಕಾಲ, ಇಷ್ಟು ಹಣ ಕಡಲು ಸೇರುತ್ತಿತ್ತೇ? ಅರ್ಥವಾಗದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಬಂದ ಹಿರಿಯರ ಮಕ್ಕಳು ನಾವು. ಗಡಿನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದೇನೂ ಆಗಲಾರದು. ನಕ್ಷೆಯ ಮೇಜಿಗೆ ಮೂರನೆಯ ಕುರ್ಚಿ ಹಾಕಬೇಕಾದದ್ದು ಮೊದಲ ದಿನ, ಮೊದಲ ಗೆರೆ ಎಳೆಯುವ ಮುನ್ನ. ಕೋರ್ಟಿನ ಕಟಕಟೆಯಲ್ಲಿ ಸಿಗುವ ಜಾಗ ಅದಕ್ಕೆ ಬದಲಿಯಾಗಲಾರದು.

ಹೊಸ ನಕ್ಷೆಯ ಕೆಲಸ 2024ರ ಜನವರಿಯಲ್ಲಿ ಆರಂಭವಾಗಿದೆ. ಮುಗಿದು ಹಸ್ತಾಂತರವಾಗಲು ಸುಮಾರು 12 ವರ್ಷ ಬೇಕೆಂದು ಸರಕಾರವೇ ಹೇಳಿದೆ. ಐದರಿಂದ ಏಳು ವರ್ಷಗಳಲ್ಲಿ ತೆರವಾಗಬೇಕೆಂದು 1996ರಲ್ಲಿ ಮಾತಾಗಿದ್ದ ಫುಟೆನ್ಮಾದಿಂದ ವಿಮಾನಗಳು ಇಂದಿಗೂ ಗಿನೋವಾನ್ ಮನೆಗಳ ಮೇಲೆಯೇ ಹಾರುತ್ತಿವೆ.